ಚೆಕ್ ಎಂಜಿನ್ ಲೈಟ್ ಹತ್ತಿದಾಗ: ಪಿ0302ರ ಬೆನ್ನು ಹತ್ತಿ

ಈ ಸಲ ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಜನ ಒಂದು ಹಳೇ ಕಾರಿನ ಬಾನೆಟ್ ಒಳಗೆ ತಲೆ ಹಾಕಿ ಎರಡು ದಿನ ಕಳೆದೆವು. ಅದನ್ನೇ ಪಾಠದ ಥರ ಬರೆಯಿರಿ ಅಂತ ಕ್ಲಬ್‌ನವರು ಹೇಳಿದರು. ಮೊದಲೇ ಒಂದು ಮಾತು. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. 'ದಹನ' ಅನ್ನೋ ಪದ ನೆನಪಾಗೋಕೆ ಅರ್ಧ ನಿಮಿಷ ಬೇಕು. ಹಾಗಾಗಿ ಗ್ಯಾರೇಜಿನಲ್ಲಿ ಜನ ಆಡುವ ಮಾತನ್ನೇ ಇಲ್ಲಿ ಬಳಸಿದ್ದೇವೆ.

ಕಾರು ನಮ್ಮ ಗೆಳೆಯನ ಅಪ್ಪನದು. 2007ರ ಮಾಡೆಲ್, ಪೆಟ್ರೋಲ್, ನಾಲ್ಕು ಸಿಲಿಂಡರ್. ಗುಬ್ಬಿ ಕಡೆಯ ಹಳ್ಳಿಯಿಂದ ವಾರಕ್ಕೆ ಎರಡು ಸಲ ಅಜ್ಜಿಯನ್ನು ಡಯಾಲಿಸಿಸ್‌ಗೆ ತುಮಕೂರಿಗೆ ಕರೆದುಕೊಂಡು ಹೋಗೋದು ಇದೇ ಕಾರಿನಲ್ಲಿ. ಒಂದು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗುತ್ತಿತ್ತು, ಪಿಕಪ್ ಇರಲಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಚೆಕ್ ಎಂಜಿನ್ ಲೈಟ್ ಹತ್ತಿದಾಗ ಒಂದು ಗ್ಯಾರೇಜಿಗೆ ಕೊಟ್ಟರು. ಅಲ್ಲಿ ಸ್ಕ್ಯಾನರ್ ಹಾಕಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಹೇಳಿ, ನಾಲ್ಕು ಸಾವಿರ ಚಿಲ್ಲರೆ ತೆಗೆದುಕೊಂಡು ಹೊಸದು ಹಾಕಿದರು. ಲೈಟ್ ಆರಿತು. ಐದನೇ ದಿನ ಮತ್ತೆ ಹತ್ತಿತು. ಈ ಸಲ 'ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು' ಅಂದರಂತೆ. ಅದರ ರೇಟ್ ಕೇಳಿ ಅಂಕಲ್ ಗಾಡಿ ಮಾರೋ ಯೋಚನೆಗೆ ಬಂದಿದ್ದರು.

"ಏನ್ರಪ್ಪಾ ಇಂಜಿನಿಯರ್‌ಗಳೇ, ಆ ಲೈಟ್ ಒಂದು ಆರಿಸಿಕೊಡಿ ಸಾಕು," ಅಂದರು.

"ಅಂಕಲ್, ಆರಿಸೋದು ಎರಡು ನಿಮಿಷದ ಕೆಲಸ. ಯಾಕೆ ಹತ್ತಿದೆ ಅಂತ ನೋಡೋಣ ಇರಿ," ಅಂದೆವು. ಹೇಳುವಾಗ ಇದ್ದ ಧೈರ್ಯ ಬಾನೆಟ್ ತೆಗೆದಾಗ ಇರಲಿಲ್ಲ, ಅದು ಬೇರೆ ವಿಷಯ.

ಮೊದಲು ಸ್ವಲ್ಪ ಥಿಯರಿ. ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದೇ ಓಬಿಡಿ ಪೋರ್ಟ್. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರಿಗೂ ಓಬಿಡಿ-2 ಕಡ್ಡಾಯ. ನಮ್ಮಲ್ಲಿ ಮೊದಲ ಹಂತದ ಓಬಿಡಿ 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಈ ಮಾಡೆಲ್ ಹೊರದೇಶದಲ್ಲೂ ಮಾರಾಟವಾಗುತ್ತಿದ್ದದ್ದರಿಂದ 2007ರದ್ದಾದರೂ ಪೋರ್ಟ್ ಇತ್ತು, ನಮ್ಮ ಅದೃಷ್ಟ. ಅದಕ್ಕಿಂತ ಹಳೆಯ ಸುಜುಕಿ ಎಂಜಿನ್‌ಗಳಲ್ಲಿ ಎರಡು ಪಿನ್‌ಗೆ ವೈರ್ ಜೋಡಿಸಿ ಲೈಟ್ ಎಷ್ಟು ಸಲ ಮಿಟುಕುತ್ತದೆ ಅಂತ ಎಣಿಸಬೇಕಿತ್ತು. ಒಂದು ಮಿಟುಕು, ಸ್ವಲ್ಪ ಬಿಟ್ಟು ಎರಡು ಮಿಟುಕು ಬಂದರೆ 12, ಅಂದರೆ ಎಲ್ಲ ಸರಿ ಇದೆ ಅಂತ. ನಮಗೆ ಬೇಕಾಗಿದ್ದು ಒಂದು ಬ್ಲೂಟೂತ್ ಅಡಾಪ್ಟರ್, ಒಂದು ಫೋನ್, ಅಷ್ಟೇ.

ಕೋಡ್ ಓದೋದು ಹೀಗೆ. 'ಪಿ' ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್. ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಕಂಪನಿಯ ಸ್ವಂತ ಕೋಡ್. ಅದರ ಮುಂದಿನದು ವಿಭಾಗ: 1 ಬಂದರೆ ಗಾಳಿ-ಪೆಟ್ರೋಲ್ ಲೆಕ್ಕ, 3 ಬಂದರೆ ಇಗ್ನಿಶನ್ ಮತ್ತು ಮಿಸ್‌ಫೈರ್, 4 ಬಂದರೆ ಹೊಗೆ ಕಡಿಮೆ ಮಾಡುವ ಭಾಗಗಳು. ನಮ್ಮ ಫೋನಿನಲ್ಲಿ ಬಂದದ್ದು ಎರಡು: ಪಿ0171, ಪಿ0302. ಮೊದಲನೆಯದು 'ಮಿಶ್ರಣ ತೆಳು', ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎರಡನೆಯದು ಎರಡನೇ ಸಿಲಿಂಡರ್ ಮಿಸ್ಸಿಂಗ್.

ಈಗ ಮುಖ್ಯ ವಿಷಯ. ಪಿ0171ನ್ನು ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಹೇಳುತ್ತದೆ, ಅದಕ್ಕೇ ಗ್ಯಾರೇಜಿನವರು ಸೆನ್ಸರ್ ಬದಲಿಸಿದರು. ಆದರೆ ಕೆಟ್ಟ ಸುದ್ದಿ ಹೇಳಿದವನನ್ನೇ ಹೊಡೆದ ಹಾಗಾಯಿತು ಅದು. ಸೆನ್ಸರ್ ಅಳೆಯೋದು ಪೆಟ್ರೋಲನ್ನಲ್ಲ, ಸೈಲೆನ್ಸರ್ ಕಡೆ ಹೋಗುವ ಗಾಳಿಯಲ್ಲಿ ಉಳಿದಿರುವ ಆಕ್ಸಿಜನ್ ಮಾತ್ರ. ಎರಡನೇ ಸಿಲಿಂಡರ್‌ನಲ್ಲಿ ಕಿಡಿ ಬರಲಿಲ್ಲ ಅಂದುಕೊಳ್ಳಿ. ಒಳಗೆ ಬಂದ ಗಾಳಿ, ಪೆಟ್ರೋಲ್ ಎರಡೂ ಸುಡದೆ ಹಾಗೇ ಹೊರಗೆ ಹೋಗುತ್ತವೆ. ಸೆನ್ಸರ್‌ಗೆ ಆ ಆಕ್ಸಿಜನ್ ಕಾಣುತ್ತದೆ, 0.1 ವೋಲ್ಟ್ ಕಡೆ ಇಳಿಯುತ್ತದೆ. ಇಸಿಯು 'ಓಹೋ, ಪೆಟ್ರೋಲ್ ಸಾಲುತ್ತಿಲ್ಲ' ಅಂತ ತಿಳಿದು ನಾಲ್ಕೂ ಸಿಲಿಂಡರ್‌ಗೆ ಜಾಸ್ತಿ ಸುರಿಯುತ್ತದೆ. ಮೈಲೇಜ್ ಬಿದ್ದದ್ದು, ಹಿಂದೆ ಪೆಟ್ರೋಲ್ ವಾಸನೆ ಬರುತ್ತಿದ್ದದ್ದು ಇದರಿಂದ. ಎಷ್ಟು ಜಾಸ್ತಿ ಸುರಿಯುತ್ತಿದೆ ಅನ್ನೋ ಲೆಕ್ಕಕ್ಕೆ ಫ್ಯುಯೆಲ್ ಟ್ರಿಮ್ ಅಂತ ಹೆಸರು. ಆರೋಗ್ಯವಾಗಿರೋ ಎಂಜಿನ್‌ನಲ್ಲಿ ಅದು ಸೊನ್ನೆಯ ಆಸುಪಾಸು ಆಡುತ್ತದೆ. ಇಲ್ಲಿ ಶಾರ್ಟ್, ಲಾಂಗ್ ಎರಡೂ ಸೇರಿ +25ರ ಹತ್ತಿರ ಇತ್ತು.

ಹಾಗೆ ಸುಡದೆ ಹೋದ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು, ಅಲ್ಲಿನ ಸೆರಾಮಿಕ್ ಕರಗುವಷ್ಟು ಬಿಸಿ ಮಾಡಬಹುದು. ಚೆಕ್ ಲೈಟ್ ಸುಮ್ಮನೆ ಹತ್ತಿರುವುದಕ್ಕೂ ಮಿಟುಕುವುದಕ್ಕೂ ಇರುವ ವ್ಯತ್ಯಾಸ ಇದೇ. ಮಿಟುಕುತ್ತಿದ್ದರೆ ಕನ್ವರ್ಟರ್ ಹಾಳಾಗುವ ಮಟ್ಟದ ಮಿಸ್‌ಫೈರ್, ಆಗ ಗಾಡಿ ಓಡಿಸಬಾರದು. ಅಂಕಲ್‌ಗೆ ಕೇಳಿದರೆ, "ಬೆಳಗ್ಗೆ ಹೊತ್ತು ಮಿಟುಕ್ತಿತ್ತು, ಆಮೇಲೆ ನಿಲ್ತಿತ್ತು, ಸರಿಹೋಯ್ತು ಅನ್ಕೊಂಡೆ," ಅಂದರು. ನಮ್ಮ ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಆಯಿತು.

ಯಾವ ಸಿಲಿಂಡರ್ ಅಂತ ಇಸಿಯುಗೆ ಹೇಗೆ ಗೊತ್ತು? ಇದು ನಮಗೆ ಬಹಳ ಇಷ್ಟವಾದ ಭಾಗ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿಯುತ್ತದೆ. 800 ಆರ್‌ಪಿಎಂ ಐಡಲ್‌ನಲ್ಲಿ ಒಂದು ಸುತ್ತಿಗೆ 75 ಮಿಲಿಸೆಕೆಂಡ್, ಅರ್ಧ ಸುತ್ತಿಗೆ 37.5. ಕ್ರ್ಯಾಂಕ್ ಸೆನ್ಸರ್ ಹಲ್ಲಿನ ಚಕ್ರ ನೋಡಿಕೊಂಡು ಪ್ರತಿ ಅರ್ಧ ಸುತ್ತಿನ ಸಮಯ ಅಳೆಯುತ್ತಾ ಇರುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಅರ್ಧ ಸುತ್ತು ಮಾತ್ರ ತಡವಾಗುತ್ತದೆ. ಮಿಕ್ಸಿಂಗ್ ಇಲ್ಲ, ಮಂತ್ರ ಇಲ್ಲ, ಬರೀ ಗಡಿಯಾರ. ಆದರೆ ಗಮನಿಸಿ, ಎರಡನೇ ಸಿಲಿಂಡರ್ ತಡ ಮಾಡಿತು ಅಂತಷ್ಟೇ ಅದಕ್ಕೆ ಗೊತ್ತು. ಕಾಯಿಲ್ ಕೆಟ್ಟಿದೆಯೋ, ಪ್ಲಗ್ಗೋ, ಇಂಜೆಕ್ಟರ್ ಕಟ್ಟಿದೆಯೋ, ಕಂಪ್ರೆಶನ್ ಹೋಗಿದೆಯೋ, ಅದು ನಮ್ಮ ತಲೆನೋವು.

ಮಿಶ್ರಣ ನಿಜವಾಗಲೂ ತೆಳುವಾಗಿದ್ದೇ ಮಿಸ್ಸಿಂಗ್ ಆಗುತ್ತಿರಬಹುದಲ್ಲ ಅಂತ ನಮ್ಮಲ್ಲೊಬ್ಬ ವಾದ ಹಾಕಿದ. ನ್ಯಾಯವಾದ ಪ್ರಶ್ನೆ. ಪೆಟ್ರೋಲ್ ಪಂಪ್ ವೀಕ್ ಆಗಿದ್ದರೆ ನಾಲ್ಕೂ ಸಿಲಿಂಡರ್ ಸೊರಗಬೇಕು, ಪಿ0300 ಥರದ ಕೋಡ್ ಬರಬೇಕು. ಇಲ್ಲಿ ಎರಡನೆಯದೊಂದೇ ಗಲಾಟೆ ಮಾಡುತ್ತಿತ್ತು. ಹಾಗಾಗಿ ಅಲ್ಲಿಂದಲೇ ಶುರು.

ಕೋಡ್ ಅಳಿಸೋ ಮುಂಚೆ ಫ್ರೀಜ್ ಫ್ರೇಮ್ ಫೋಟೋ ತೆಗೆದುಕೊಂಡೆವು. ಕೋಡ್ ದಾಖಲಾದ ಆ ಕ್ಷಣದ ಆರ್‌ಪಿಎಂ, ಟೆಂಪರೇಚರ್ ಎಲ್ಲ ಅದರಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಗ್ಯಾರೇಜಿನವರು ಲೈಟ್ ಆರಿಸಿದಾಗ ಹಳೆಯದು ಹಾಗೇ ಹೋಗಿತ್ತು. ಹೊಸದರಲ್ಲಿ 790 ಆರ್‌ಪಿಎಂ, ಕೂಲೆಂಟ್ 38 ಡಿಗ್ರಿ. ಅಂದರೆ ಗಾಡಿ ಇನ್ನೂ ಬಿಸಿಯಾಗಿಲ್ಲ, ಬೆಳಗಿನ ಸ್ಟಾರ್ಟ್.

ಈ ಕಾರಿನಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್. ಪರೀಕ್ಷೆ ಸುಲಭ: ಎರಡರ ಕಾಯಿಲ್ ತೆಗೆದು ನಾಲ್ಕಕ್ಕೆ, ನಾಲ್ಕರದ್ದು ಎರಡಕ್ಕೆ. ತಪ್ಪು ಕಾಯಿಲ್‌ದಾದರೆ ಕೋಡ್ ಅದರ ಜೊತೆ ಪಿ0304 ಆಗಿ ಓಡಬೇಕು. ಅಲ್ಲೇ ನಿಂತರೆ ಪ್ಲಗ್ ಅದಲುಬದಲು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಒಂದು ಸಲಕ್ಕೆ ಒಂದೇ ಬದಲಾವಣೆ. ಕಾಯಿಲ್, ಪ್ಲಗ್ ಎರಡೂ ಒಟ್ಟಿಗೆ ಬದಲಿಸಿದರೆ ಯಾರದು ತಪ್ಪು ಅಂತ ಹೇಳಕ್ಕಾಗಲ್ಲ. (ಎರಡು ಸಿಲಿಂಡರ್‌ಗೆ ಒಂದೇ ಕಾಯಿಲ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿ ಜೋಡಿಯಾಗಿ ಕೋಡ್ ಬಂದರೆ ಕಾಯಿಲ್ ಮೇಲೆ ಅನುಮಾನ ಪಡಿ.) ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆಯೇ ಕೈ ಹಾಕಿ. ಓಡುತ್ತಿರುವಾಗ ಕಾಯಿಲ್ ಎಳೆಯೋ ಸಾಹಸ ಬೇಡ, ಅಲ್ಲಿರೋದು ಸಾವಿರಾರು ವೋಲ್ಟ್.

ಕಾಯಿಲ್ ಹೊರಗೆ ಬಂದಾಗ ಅರ್ಧ ಉತ್ತರ ಸಿಕ್ಕಿತು. ಅದರ ರಬ್ಬರ್ ಬೂಟ್ ಎಣ್ಣೆಯಲ್ಲಿ ಅದ್ದಿದ ಬಜ್ಜಿ ಥರ ಇತ್ತು. ಉಬ್ಬಿಕೊಂಡು, ಒಂದು ಬದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಆ ಗೆರೆಯಲ್ಲಿ ಹರಿದು ಬಾಡಿಗೆ ಇಳಿಯುತ್ತಿತ್ತು. ಆದರೂ ಪರೀಕ್ಷೆ ಬಿಡಲಿಲ್ಲ. ಬೂಟ್ ಒರೆಸಿ, ಅದಲುಬದಲು ಮಾಡಿ, ಕೋಡ್ ಅಳಿಸಿ, ರಾತ್ರಿ ಮುದ್ದೆ ಊಟ ಮಾಡಿ ಮಲಗಿದೆವು, ಯಾಕಂದರೆ ತೊಂದರೆ ಬರೋದು ತಣ್ಣಗಿನ ಎಂಜಿನ್‌ನಲ್ಲಿ. ಬೆಳಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿದೆವು. ಅದೇ ನಡುಕ. ಲೈಟ್ ಇನ್ನೂ ಹತ್ತಿರಲಿಲ್ಲ, ಬಹಳ ಕೋಡ್‌ಗಳು ಎರಡು ಟ್ರಿಪ್ ಕಾಣಿಸಿಕೊಂಡ ಮೇಲೆಯೇ ಲೈಟ್ ಹತ್ತಿಸುತ್ತವೆ. 'ಪೆಂಡಿಂಗ್' ಪಟ್ಟಿ ತೆಗೆದರೆ ಪಿ0304! ನಾವು ಕೂಗಿದ್ದಕ್ಕೆ ಅಜ್ಜಿ ಒಳಗಿಂದ ಎದ್ದು ಬಂದು, "ಏನಾಯ್ತ್ರೋ?" ಅಂದರು.

ಬರೀ ಕಾಯಿಲ್ ಹಾಕಿ ಬಂದಿದ್ದರೆ ನಾವೂ ಆ ಗ್ಯಾರೇಜಿನ ಸಾಲಿಗೇ ಸೇರುತ್ತಿದ್ದೆವು. ಎಣ್ಣೆ ಎಲ್ಲಿಂದ ಬಂತು? ಊರಿನ ಮೆಕ್ಯಾನಿಕ್ ಅಣ್ಣನಿಗೆ ಬೂಟ್ ತೋರಿಸಿದ ತಕ್ಷಣ, "ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗೈತೆ," ಅಂದರು. ಪ್ಲಗ್ ಕೂರುವ ಗುಂಡಿಯ ಸುತ್ತ ಒಂದು ರಬ್ಬರ್ ರಿಂಗ್ ಇರುತ್ತದೆ, ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅವರು ಕಲಿಸಿದ ಇನ್ನೊಂದು ಸಂಗತಿ: ಪ್ಲಗ್ ಬಿಚ್ಚುವ ಮುಂಚೆ ಗುಂಡಿಯ ಎಣ್ಣೆಯನ್ನು ಬಟ್ಟೆಯಲ್ಲಿ ಪೂರ್ತಿ ಹೀರಿಸಬೇಕು. ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ ಸುರಿಯುತ್ತದೆ.

ಪ್ಯಾಕಿಂಗ್ ಸೆಟ್, ಒಂದು ಕಾಯಿಲ್, ನಾಲ್ಕು ಪ್ಲಗ್, ಅಣ್ಣನ ಕೂಲಿ ಎಲ್ಲ ಸೇರಿದರೂ ಆ ಸೆನ್ಸರ್‌ನಷ್ಟು ಆಗಲಿಲ್ಲ. ಫ್ಯುಯೆಲ್ ಟ್ರಿಮ್ ಮೂರು ದಿನದಲ್ಲಿ +3ಕ್ಕೆ ಇಳಿಯಿತು. ಕನ್ವರ್ಟರ್‌ನ ಪಿ0420 ಕೋಡ್ ಇದುವರೆಗೆ ಬಂದಿಲ್ಲ. ತಿಂಗಳಿಗೊಮ್ಮೆ ಅಡಾಪ್ಟರ್ ಹಾಕಿ ನೋಡಿ ಅಂತ ಅಂಕಲ್‌ಗೆ ಹೇಳಿಕೊಟ್ಟಿದ್ದೇವೆ. ಒಂದು ತಪ್ಪು ಮಾತ್ರ ನಮ್ಮದೇ. ಎರಡನೇ ಕಾಯಿಲ್‌ನ ಕನೆಕ್ಟರ್ ಲಾಕನ್ನು ಸ್ಕ್ರೂಡ್ರೈವರ್ ಹಾಕಿ ಎತ್ತಲು ಹೋಗಿ ಮುರಿದೆವು. ಅಷ್ಟು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಥರ ಇರುತ್ತದೆ, ಬೆರಳಲ್ಲೇ ಮೆಲ್ಲಗೆ ಒತ್ತಬೇಕಿತ್ತು. ಸದ್ಯಕ್ಕೆ ಕೇಬಲ್ ಟೈ ಕಟ್ಟಿ ನಿಲ್ಲಿಸಿದ್ದೇವೆ. ಮುಂದಿನ ಶನಿವಾರ ಹೊಸ ಕನೆಕ್ಟರ್ ಹುಡುಕೋಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದೇವೆ, ಬರೋರು ಬನ್ನಿ.