ಅರ್ಥ್ ನೋಡಿ, ಆಮೇಲೆ ಸೆಲ್ಫ್ ಬಿಚ್ಚಿ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ನನ್ನದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳನ್ನು ಮನೆಮಂದಿಯ ಹಾಗೆ ನೋಡಿಕೊಳ್ಳುವವರು ಈ ಕಡೆ ಇನ್ನೂ ಇದ್ದಾರೆ. ಅವರ ಗಾಡಿಗಳಲ್ಲಿ ಸುಟ್ಟುಹೋದ ಸಾಮಾನಿಗಿಂತ ಸಡಿಲಾದ ಜಾಯಿಂಟು, ತುಕ್ಕು ಹಿಡಿದ ಅರ್ಥ್ ಇವುಗಳ ಕಾಟವೇ ಜಾಸ್ತಿ.

1. "ಸೆಲ್ಫ್ ಹೋಗಿದೆ ಅಣ್ಣ, ಬಿಚ್ಚಿಬಿಡಿ" ಅನ್ನುತ್ತಲೇ ಬರುತ್ತಾರೆ. ನಾನು ಮೊದಲು ಹೆಡ್‌ಲೈಟ್ ಹಾಕಿಸಿ ಸೆಲ್ಫ್ ಹೊಡೆಸುತ್ತೇನೆ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿ, ಟರ್ಮಿನಲ್ ಅಥವಾ ಜಾಮ್ ಆದ ಸೆಲ್ಫ್. ಲೈಟು ಹಾಗೇ ಉರಿಯುತ್ತಿದ್ದರೆ ಸೆಲ್ಫ್‌ಗೆ ಕರೆಂಟು ಹೋಗುತ್ತಿಲ್ಲ, ಇಲ್ಲವೇ ಅಲ್ಲಿಂದ ವಾಪಸ್ ಬರುತ್ತಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಅದಕ್ಕೂ ಇರುವ ದಾರಿ ಹೆಣೆದ ತಾಮ್ರದ ಅರ್ಥ್ ಪಟ್ಟಿ. ಅದು ಕಪ್ಪಾಗಿ ಎಳೆ ಬಿಟ್ಟರೆ ಕರೆಂಟು ಚೋಕ್ ಕೇಬಲ್ ಹಿಡಿದು ವಾಪಸಾಗುತ್ತದೆ. ಸೆಲ್ಫ್ ಹೊಡೆದ ತಕ್ಷಣ ಆ ಕೇಬಲ್ ಮುಟ್ಟಿ ನೋಡಿ. ಬಿಸಿಯಿದ್ದರೆ ಕಳ್ಳ ಸಿಕ್ಕ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ, ಪೇಂಟು ಕೆರೆದು, ಬರೀ ಕಬ್ಬಿಣ ಕಾಣುವಂತೆ ಮಾಡಿ ಕೂರಿಸಿ.

2. ಏನೇನು ಒಟ್ಟಿಗೆ ನಿಂತಿದೆ ನೋಡಿ. ಹಳೆಯ ಅಂಬಾಸಡರ್‌ನಲ್ಲಿ ವೈಪರ್, ಪೆಟ್ರೋಲ್ ಮುಳ್ಳು, ಬ್ರೇಕ್ ಲೈಟು ಮೂರೂ ಒಟ್ಟಿಗೆ ಸತ್ತರೆ ಮೂರನ್ನೂ ಬಿಚ್ಚಬೇಡಿ. ಅವೆಲ್ಲ ಹಸಿರು ವೈರಿನ ಸಂತಾನ, ಒಂದೇ ಫ್ಯೂಸಿನ ಕೆಳಗಿರುವಂಥವು. ಫ್ಯೂಸ್ ಚೆನ್ನಾಗಿದ್ದರೂ ಅದನ್ನು ಹಿಡಿದ ಕ್ಲಿಪ್ ಹಸಿರುಗಟ್ಟಿರುತ್ತದೆ.

3. ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣುಕಿದರೆ ಆ ಲ್ಯಾಂಪಿನ ಅರ್ಥ್ ಹೋಗಿದೆ. ಬಲ್ಬ್ ಬದಲಿಸಿ ದುಡ್ಡು ಕಳೆಯಬೇಡಿ.

4. ಡೈನಮೋ ಗಾಡಿಗೆ ಊರಿನ ಟ್ರಾಫಿಕ್ಕೇ ಶತ್ರು. ಸುಂಕದಕಟ್ಟೆ ದಾಟುವಷ್ಟರಲ್ಲಿ ಹತ್ತು ಸಲ ನಿಲ್ಲಬೇಕು. ನಿಂತಾಗ ಡೈನಮೋ ಚಾರ್ಜ್ ಮಾಡುವುದಿಲ್ಲ. ಲೂಕಾಸ್ ಸಿ40 ಪೂರ್ತಿ ಓಡಿದರೂ ಕೊಡುವುದು ಸುಮಾರು 22 ಆಂಪಿಯರ್. ಎರಡು ಹ್ಯಾಲೊಜೆನ್ ಬಲ್ಬಿಗೇ ಹತ್ತು ಹೋಗುತ್ತದೆ. ಚಾರ್ಜ್ ಇಲ್ಲವೆಂದು ಡೈನಮೋ ಬಿಚ್ಚುವ ಮೊದಲು ಅದರ ಎರಡೂ ವೈರ್ ತೆಗೆದು, ಎರಡು ಟರ್ಮಿನಲ್ ಸೇರಿಸಿ, ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಬಾಡಿಗೆ ಇಟ್ಟು ನಿಧಾನವಾಗಿ ರೇಸ್ ಮಾಡಿ. ವೋಲ್ಟೇಜ್ ಸರಸರನೆ ಏರಿದರೆ ಡೈನಮೋ ಸರಿಯಿದೆ, ಕಟ್‌ಔಟ್ ಅಥವಾ ಅದರ ವೈರಿಂಗ್ ನೋಡಬೇಕು. 20 ವೋಲ್ಟ್ ಮೇಲೆ ಏರಿಸಬೇಡಿ.

5. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಗಾಡಿಯನ್ನು ಬಿಸಿಯಿದ್ದಾಗಲೇ ನೋಡಬೇಕು. ನಿಂತ ಜಾಗದಲ್ಲೇ ಪ್ಲಗ್ ತೆಗೆದು ಬ್ಲಾಕಿಗೆ ತಾಗಿಸಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್ ಮೇಲೆ ಅನುಮಾನ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ತಿರುಗಿ. ಹೊಸ ಕಂಡೆನ್ಸರ್ ಹಾಕಿದ ಮೇಲೂ, ಚೆನ್ನಾಗಿ ಓಡಿದ ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಹೇಳುತ್ತೇನೆ.

6. ಸ್ಟೀರಿಯೊ, ರಿವರ್ಸ್ ಹಾರ್ನ್‌ಗೆಂದು ಹಿಂದಿನವರು ಸಿಕ್ಕಸಿಕ್ಕಲ್ಲಿ ತಿರುಚಿ ಟೇಪ್ ಸುತ್ತಿದ ವೈರುಗಳನ್ನು ಮೊದಲು ಕಿತ್ತುಹಾಕಿ. ಕೈ ಹಾಕುವ ಮುನ್ನ ಬ್ಯಾಟರಿಯ ಅರ್ಥ್ ಬಿಚ್ಚಿ. ಹೊಸದಾಗಿ ಎಳೆಯುವಾಗ ಕಂಪನಿಯ ಬಣ್ಣವನ್ನೇ ಹಾಕಿ: ಅಂಬಾಸಡರ್‌ನಲ್ಲಿ ಕಂದು ಬ್ಯಾಟರಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ್ದು, ಕಪ್ಪು ಅರ್ಥ್.