ಪ್ರೌಢಶಾಲಾ ವಿದ್ಯಾರ್ಥಿಗಳ ಬೇಸಾಯ ಸಂಘ

ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳು ಹೆಚ್ಚಿ, ರೈತರ ಮಕ್ಕಳು ಎಸ್.ಎಸ್.ಎಲ್.ಸಿ.ಯವರೆಗೆ ಓದುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಇದರೊಡನೆ ಒಂದು ದೂರೂ ಬೆಳೆದುಬಂದಿದೆ. ಮಗನು ಪುಸ್ತಕ ಹಿಡಿದ ಮೇಲೆ ಹೊಲದ ಬದುವನ್ನೂ ತುಳಿಯುವುದಿಲ್ಲವೆಂದು ತಂದೆಯು ಹೇಳುತ್ತಾನೆ. ಹೊಲಕ್ಕೆ ಕರೆದರೆ ಓದು ಕೆಡುತ್ತದೆಂದು ಉಪಾಧ್ಯಾಯರು ಹೇಳುತ್ತಾರೆ. ಶಾಲೆಯ ಗಂಟೆ ಮುಗಿದ ಮೇಲಿನ ಆಟ, ಸ್ಕೌಟು, ಇಕೋ ಕ್ಲಬ್ಬು ಮೊದಲಾದವುಗಳ ಮಾತೆತ್ತಿದರಂತೂ, ಅದು ಪಟ್ಟಣದವರ ಕಾಲಕ್ಷೇಪವೆಂದು ಅನೇಕ ಯಜಮಾನರು ತಳ್ಳಿಹಾಕುತ್ತಾರೆ. ಓದಿಗೂ ಹೊಲಕ್ಕೂ ನಡುವೆ ಬಿದ್ದಿರುವ ಈ ಅಂತರವನ್ನು ಕಡಮೆ ಮಾಡುವುದಕ್ಕೆ ಅಲ್ಪ ವೆಚ್ಚದ ಒಂದು ಉಪಾಯವುಂಟು. ಅದೇ ವಿದ್ಯಾರ್ಥಿಗಳ ಬೇಸಾಯ ಸಂಘ. ಅದರ ಸ್ವರೂಪವನ್ನೂ, ನಡೆಸತಕ್ಕ ಕ್ರಮವನ್ನೂ, ಗ್ರಾಮದ ಹಿರಿಯರು ವಹಿಸತಕ್ಕ ಹೊಣೆಯನ್ನೂ ಕೆಳಗೆ ವಿವರಿಸಿದೆ.

1. ಸಂಘದ ಸ್ವರೂಪ

ಬೇಸಾಯ ಸಂಘವೆಂದರೆ ಮಕ್ಕಳನ್ನು ಕೂಲಿಯಿಲ್ಲದೆ ದುಡಿಸಿಕೊಳ್ಳುವ ಏರ್ಪಾಡಲ್ಲ. ಶಾಲೆಯ ಅಂಗಳದಲ್ಲಿ ವರ್ಷಕ್ಕೊಮ್ಮೆ ಸಸಿ ನೆಟ್ಟು ಮರೆತುಬಿಡುವ ಉತ್ಸವವೂ ಅಲ್ಲ. ಇದಕ್ಕೆ ಮೂರು ಅಂಗಗಳುಂಟು. ಮೊದಲನೆಯದು, ಪ್ರತಿಯೊಬ್ಬ ಸದಸ್ಯನಿಗೂ ತನ್ನದೇ ಎನ್ನುವ ಒಂದು ತಾಕು. ಎರಡನೆಯದು, ಆ ತಾಕಿನ ಖರ್ಚು, ಕೆಲಸ, ಮಳೆ ಮತ್ತು ಫಸಲನ್ನು ಅವನೇ ಬರೆದಿಡುವ ಲೆಕ್ಕದ ಪುಸ್ತಕ. ಮೂರನೆಯದು, ಬಂದ ಫಸಲಿನ ಮೇಲೆ ಅವನಿಗೆ ಪೂರ್ಣ ಹಕ್ಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಸಂಘವು ಎರಡನೆಯ ವರ್ಷವನ್ನು ಕಾಣುವುದು ಕಷ್ಟ.

2. ಅನ್ಯದೇಶದಲ್ಲಿ ಈ ಕೆಲಸವು ನಡೆದ ರೀತಿ

ಈ ವಿಧವಾದ ಸಂಘಗಳು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಬೇರೂರಿದವು. ಅಲ್ಲಿಯೂ ಆಗ ರೈತರು ಹೊಸ ಕ್ರಮವನ್ನು ಸುಲಭವಾಗಿ ಒಪ್ಪುವವರಾಗಿರಲಿಲ್ಲ. ಇಲಿನಾಯ್ ಪ್ರಾಂತ್ಯದ ಮಕೂಪಿನ್ ಜಿಲ್ಲೆಯಲ್ಲಿ ವಿಲ್ ಓಟ್ವೆಲ್ ಎಂಬಾತನು ರೈತರ ಸಭೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದನು. ಸಭೆ ಕರೆದರೆ ಕುರ್ಚಿಗಳು ಬರಿದಾಗಿರುತ್ತಿದ್ದವು. 1900ನೆಯ ಇಸವಿಯ ಸುಮಾರಿನಲ್ಲಿ ಅವನು ತಂದೆಯರನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಿ, ಉತ್ತಮವಾದ ಮುಸುಕಿನ ಜೋಳದ ಬೀಜವನ್ನು ಹುಡುಗರಿಗೆ ಹಂಚಿ, ಚೆನ್ನಾಗಿ ಬೆಳೆದವರಿಗೆ ಬಹುಮಾನವುಂಟೆಂದು ಸಾರಿದನು. ಸುಮಾರು 500 ಮಂದಿ ಹುಡುಗರು ಮುಂದೆ ಬಂದರು. ಮುಂದಿನ ಸಭೆಗೆ ಮಕ್ಕಳು ತಮ್ಮ ತೆನೆಗಳನ್ನು ಹಿಡಿದು ಬಂದಾಗ ತಂದೆಯರೂ ಹಿಂದೆಯೇ ಬಂದು ಸಭಾಂಗಣವು ತುಂಬಿಹೋಯಿತು.

1902ನೆಯ ಇಸವಿ ಜನವರಿ 15ರಂದು ಒಹಾಯೋ ಪ್ರಾಂತ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕನು ಹುಡುಗ ಹುಡುಗಿಯರಿಬ್ಬರನ್ನೂ ಸೇರಿಸಿ ಒಂದು ಸಂಘವನ್ನು ಆರಂಭಿಸಿದನು. ಬಿತ್ತನೆ ಬೀಜವನ್ನು ಪರೀಕ್ಷಿಸುವುದು, ಮಣ್ಣಿನ ಹುಳಿಯನ್ನು ಬಣ್ಣದ ಕಾಗದದಿಂದ ತಿಳಿಯುವುದು ಮೊದಲಾದವು ಅಲ್ಲಿನ ಪಾಠಗಳಾಗಿದ್ದವು. 1907ರಲ್ಲಿ ಮಿಸಿಸಿಪ್ಪಿ ಪ್ರಾಂತ್ಯದ ಹೋಮ್ಸ್ ಜಿಲ್ಲೆಯಲ್ಲಿ ಡಬ್ಲ್ಯು. ಎಚ್. ಸ್ಮಿತ್ ಎಂಬ ವಿದ್ಯಾಧಿಕಾರಿಯು ಹುಡುಗರ ಜೋಳದ ಸಂಘವನ್ನು ಕಟ್ಟಿದನು. ಅದಕ್ಕೆ ಕೇಂದ್ರ ಸರ್ಕಾರದ ವ್ಯವಸಾಯ ಇಲಾಖೆಯ ಸೀಮನ್ ನ್ಯಾಪ್ ಎಂಬವನ ಬೆಂಬಲವು ದೊರೆಯಿತು. ಕಿವಿಯಿಂದ ಕೇಳಿದ್ದನ್ನು ರೈತನು ನಂಬದೆ ಹೋಗಬಹುದು, ತನ್ನ ನೆಲದಲ್ಲಿ ತಾನೇ ಮಾಡಿದ್ದನ್ನು ನಂಬದಿರಲಾರನೆಂಬುದು ನ್ಯಾಪನ ಕಾರ್ಯಕ್ರಮದ ತಿರುಳು. ಮಗನ ತಾಕು ತಂದೆಯ ಹೊಲದ ಪಕ್ಕದಲ್ಲಿಯೇ ಇದ್ದುದರಿಂದ, ತಂದೆಯು ಯಾರ ಉಪನ್ಯಾಸವನ್ನೂ ಕೇಳದೆ ಎರಡನ್ನೂ ತೂಗಿನೋಡುವುದು ಸಾಧ್ಯವಾಯಿತು. 1914ನೆಯ ಇಸವಿಯ ಸ್ಮಿತ್-ಲೀವರ್ ಕಾಯಿದೆಯಿಂದ ವ್ಯವಸಾಯ ಪ್ರಚಾರಕ್ಕೆ ದೇಶವ್ಯಾಪಿಯಾದ ಏರ್ಪಾಡು ಆದಮೇಲೆ ಈ ಸಂಘಗಳು ಒಂದಾಗಿ ಬೆಳೆದು, ತಲೆ, ಹೃದಯ, ಕೈ, ಆರೋಗ್ಯ ಎಂಬ ಅರ್ಥದ ‘ನಾಲ್ಕು ಎಚ್’ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿವೆ.

3. ಬಹುಮಾನದ ವಿಷಯದಲ್ಲಿ ಕಲಿಯತಕ್ಕ ಪಾಠ

1910ರಲ್ಲಿ ದಕ್ಷಿಣ ಕ್ಯಾರೊಲೈನಾ ಪ್ರಾಂತ್ಯದ ಜೆರ್ರಿ ಮೂರ್ ಎಂಬ ಹುಡುಗನು ಒಂದು ಎಕರೆಯಲ್ಲಿ 228 ಮುಕ್ಕಾಲು ಬುಷೆಲ್ ಜೋಳವನ್ನು ಬೆಳೆದು ದೇಶದಲ್ಲೆಲ್ಲಾ ಹೆಸರಾದನು. ಈಗಿನ ತೂಕದಲ್ಲಿ ಇದು ಸುಮಾರು 58 ಕ್ವಿಂಟಾಲು. ಆದರೆ ಇಳುವರಿಯೊಂದನ್ನೇ ನೋಡಿ ಬಹುಮಾನ ಕೊಟ್ಟರೆ, ಹಣವುಳ್ಳವನ ಮಗನು ಗೊಬ್ಬರವನ್ನು ಮಿತಿಮೀರಿ ಸುರಿದು ಗೆಲ್ಲುವ ಅಪಾಯವಿರುತ್ತದೆ. ಆದ್ದರಿಂದ ಆ ಸಂಘಗಳಲ್ಲಿ 100 ಅಂಕಗಳನ್ನು ಹೀಗೆ ಹಂಚಿದರು: ಇಳುವರಿಗೆ 30, ಖರ್ಚು ಕಳೆದು ಉಳಿದ ಲಾಭಕ್ಕೆ 30, ಪ್ರದರ್ಶನಕ್ಕೆ ತಂದ ತೆನೆಗಳಿಗೆ 20, ಬರೆದ ವೃತ್ತಾಂತಕ್ಕೆ 20. ಇಲ್ಲಿ ಇಳುವರಿಯಷ್ಟೇ ಬೆಲೆ ಲಾಭಕ್ಕೂ ಉಂಟೆಂಬುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿಯೂ ಈ ಹಂಚಿಕೆಯನ್ನೇ ಅನುಸರಿಸುವುದು ಮೇಲು. ಸಾಲ ಮಾಡಿ ದೊಡ್ಡ ರಾಶಿ ಹಾಕುವುದು ಬೇಸಾಯವಲ್ಲವೆಂಬುದನ್ನು 14 ವರ್ಷದ ವಯಸ್ಸಿನಲ್ಲಿ ಕಲಿತವನು 40ರಲ್ಲಿ ಅದನ್ನು ಮರೆಯುವುದು ಅಪರೂಪ.

4. ನೆಲ, ಪೈರು ಮತ್ತು ಕಾಲ

ಒಬ್ಬ ವಿದ್ಯಾರ್ಥಿಗೆ ಒಂದು ಗುಂಟೆ ನೆಲವು ಸಾಕು. ಇದು 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಎಕರೆಗೆ 40 ಗುಂಟೆಗಳಾದ್ದರಿಂದ 20 ಮಂದಿಯ ಸಂಘಕ್ಕೆ ಬೇಕಾಗುವುದು ಅರ್ಧ ಎಕರೆ ಮಾತ್ರ.

ಖುಷ್ಕಿ ಸೀಮೆಗಳಲ್ಲಿ ರಾಗಿಯು ಇದಕ್ಕೆ ಬಹಳ ಅನುಕೂಲವಾದ ಪೈರು. ಬೆಂಕಿರೋಗವನ್ನು ತಡೆಯತಕ್ಕ ಜಿ.ಪಿ.ಯು. 28ರಂತಹ ತಳಿಯನ್ನು ಜುಲೈ ತಿಂಗಳಲ್ಲಿ ಬಿತ್ತಿದರೆ ನವೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಶಾಲೆಯ ದೊಡ್ಡ ಪರೀಕ್ಷೆಯು ಬೇಸಗೆಯ ಮೊದಲಿಗೆ ಬರುವುದರಿಂದ, ಕಣವು ಮುಗಿದ ಮೇಲೂ ಓದಿಗೆ ತಿಂಗಳುಗಟ್ಟಲೆ ಕಾಲವು ಉಳಿಯುತ್ತದೆ. ವಾರಕ್ಕೆ ಒಂದು ಶನಿವಾರದ ಮಧ್ಯಾಹ್ನ ಮತ್ತು ಕಳೆ, ಕೊಯ್ಲುಗಳ ಕಾಲದಲ್ಲಿ ಒಂದೆರಡು ಹೆಚ್ಚಿನ ದಿನಗಳು ಒಂದು ಗುಂಟೆಗೆ ಸಾಲುತ್ತವೆ. ಸಂಘದಿಂದ ಓದು ಕೆಡುವುದೆಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ. 10ನೆಯ ತರಗತಿಯವರಿಗೆ ತಾಕನ್ನು ಕೊಡದೆ, ಕಿರಿಯರ ಲೆಕ್ಕವನ್ನು ತನಿಖೆ ಮಾಡುವ ಕೆಲಸವನ್ನು ವಹಿಸಬಹುದು.

5. ಪ್ರಯೋಗದ ಕ್ರಮ

ಒಂದು ಗುಂಟೆಯನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ಮನೆಯ ಬೀಜವನ್ನೂ, ಮತ್ತೊಂದರಲ್ಲಿ ರೈತ ಸಂಪರ್ಕ ಕೇಂದ್ರದಿಂದ ತಂದ ಪ್ರಮಾಣಿತ ಬೀಜವನ್ನೂ ಬಿತ್ತಬೇಕು. ಬಿತ್ತುವ ದಿನ, ಗೊಬ್ಬರ, ಸಾಲಿನ ಅಂತರ, ಕಳೆ ತೆಗೆಯುವುದು, ಇವೆಲ್ಲವೂ ಎರಡಕ್ಕೂ ಒಂದೇ ಆಗಿರತಕ್ಕದ್ದು. ಒಂದೇ ಸಲಕ್ಕೆ ಎರಡು ವಿಷಯಗಳನ್ನು ಬದಲಾಯಿಸಿದರೆ ಯಾವುದರಿಂದ ಲಾಭವಾಯಿತೆಂಬುದು ಯಾರಿಗೂ ತಿಳಿಯದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಮಕ್ಕಳು ಎಣಿಸಿ ನೋಡಲಿ. ಬಿತ್ತನೆಗೆ ಹತ್ತು ದಿನ ಮೊದಲು ಪ್ರತಿಯೊಂದು ಬೀಜದಿಂದಲೂ ಆರಿಸದೆ 100 ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ತಾಕದಂತೆ ಹರಡಿ, ಸುತ್ತಿ, ನೆರಳಿನಲ್ಲಿಟ್ಟು, ಬಟ್ಟೆಯು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. 8 ದಿನಗಳಲ್ಲಿ ಮೊಳೆತವುಗಳನ್ನು ಎಣಿಸಬೇಕು. ಪ್ರಮಾಣಿತ ರಾಗಿ ಬೀಜದಲ್ಲಿ 100ಕ್ಕೆ 75ಕ್ಕಿಂತ ಕಡಮೆ ಮೊಳೆಯಕೂಡದೆಂದು ನಿಯಮವಿದೆ. ಮನೆಯ ಬೀಜದಲ್ಲಿ 50 ಮಾತ್ರ ಮೊಳೆತರೆ, ಅದೇ ಸಂಖ್ಯೆಯ ಪೈರಿಗೆ ಒಂದೂವರೆ ಪಾಲು ಬೀಜ ಬೇಕಾಗುತ್ತದೆ. ತ್ರೈರಾಶಿಯ ಲೆಕ್ಕವು ಇಲ್ಲಿ ಹಲಗೆಯಿಂದಿಳಿದು ಹೊಲಕ್ಕೆ ಬರುತ್ತದೆ.

ಶಾಲೆಯ ಬಯಲಿನಲ್ಲಿ, ಮರ ಮತ್ತು ಗೋಡೆಗಳಿಂದ ದೂರವಾಗಿ, ನೇರವಾದ ಬದಿಗಳುಳ್ಳ ಒಂದು ಡಬ್ಬಿಯನ್ನು ಅಲುಗದಂತೆ ನಿಲ್ಲಿಸಿ, ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ಅದರೊಳಗಿನ ನೀರಿನ ಆಳವನ್ನು ಅಳೆಯಬೇಕು. ಒಂದು ಮಿಲಿಮೀಟರು ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರು ನೀರು. 20 ಮಿಲಿಮೀಟರು ಬಿದ್ದರೆ ಒಂದು ಎಕರೆಗೆ 80,000 ಲೀಟರಿಗೂ ಹೆಚ್ಚು ನೀರು ಬಂದಂತಾಯಿತು. ಬದು ಹಾಕದ ಹೊಲದಿಂದ ಹರಿದುಹೋಗುವುದೆಷ್ಟೆಂಬ ಪ್ರಶ್ನೆಯು ಆಗ ಹುಡುಗನ ಬಾಯಿಂದಲೇ ಬರುತ್ತದೆ.

6. ತೂಕ ಮತ್ತು ಲೆಕ್ಕ

ಕೊಯ್ದ ತೆನೆಗಳನ್ನು ಎರಡು ಭಾಗಗಳಿಗೂ ಬೇರೆಬೇರೆಯಾಗಿ ಒಣಗಿಸಿ, ಬಡಿದು, ತೂರಿ, ಒಂದೇ ತಕ್ಕಡಿಯಲ್ಲಿ ತೂಗಬೇಕು. ಅರ್ಧ ಗುಂಟೆಯಲ್ಲಿ 8 ಕಿಲೋ ಬಂದರೆ 80ರಿಂದ ಗುಣಿಸಿದಾಗ ಎಕರೆಗೆ 640 ಕಿಲೋ ಆಗುತ್ತದೆ. ಇದೇ ಕಾರಣದಿಂದ ಅರ್ಧ ಗುಂಟೆಯಲ್ಲಿ ಒಂದು ಕಿಲೋ ತಪ್ಪಾದರೆ ಎಕರೆಗೆ 80 ಕಿಲೋ ತಪ್ಪಾಗುತ್ತದೆ. ಹಸಿಯಾದ ಕಾಳನ್ನು ತೂಗುವುದೂ, ಕಣ್ಣಳತೆಯಿಂದ ಬರೆಯುವುದೂ ಕೂಡದು. ಒಂದೇ ತಾಕನ್ನು ನೋಡಿ ತೀರ್ಮಾನಿಸಲೂ ಕೂಡದು. ಎಲ್ಲ ಸದಸ್ಯರ ತಾಕುಗಳನ್ನೂ ಒಟ್ಟಿಗೆ ನೋಡಿ, ಎಷ್ಟು ಕಡೆ ಯಾವ ಬೀಜವು ಗೆದ್ದಿತೆಂದು ಎಣಿಸಬೇಕು. ಮನೆಯ ಬೀಜವೇ ಗೆದ್ದಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು.

ಖರ್ಚಿನ ಭಾಗದಲ್ಲಿ ಬೀಜ, ಗೊಬ್ಬರ, ಉಳುಮೆಯ ಬಾಡಿಗೆ ಮಾತ್ರವಲ್ಲದೆ ವಿದ್ಯಾರ್ಥಿಯು ಮಾಡಿದ ಕೆಲಸಕ್ಕೂ ಊರಿನ ದರದಂತೆ ಕೂಲಿಯನ್ನು ಕಟ್ಟಬೇಕು. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ಬೇಸಾಯದಲ್ಲಿ ಲಾಭವಿದೆಯೆಂದೋ ನಷ್ಟವೆಂದೋ ಹೇಳುವುದು ವ್ಯರ್ಥ. ಎಷ್ಟೋ ಮನೆತನಗಳಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಲ್ಲ. ಮಗನು ಬರೆದ ಒಂದು ಹಾಳೆಯು ಆ ಮನೆಯ ಮೊದಲ ಲೆಕ್ಕವಾಗಬಹುದು.

7. ಹೆಣ್ಣುಮಕ್ಕಳು ಮತ್ತು ಜಮೀನಿಲ್ಲದವರ ಮಕ್ಕಳು

1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಏಕಿನ್ ಜಿಲ್ಲೆಯಲ್ಲಿ ಮೇರಿ ಕ್ರೋಮರ್ ಎಂಬ ಹಳ್ಳಿಯ ಉಪಾಧ್ಯಾಯಿನಿಯು ಹುಡುಗಿಯರಿಗಾಗಿ ಟೊಮ್ಯಾಟೋ ಸಂಘವನ್ನು ಸ್ಥಾಪಿಸಿದಳು. ಪ್ರತಿಯೊಬ್ಬಳಿಗೂ ಎಕರೆಯ ಹತ್ತನೆಯ ಒಂದು ಪಾಲು, ಎಂದರೆ ನಮ್ಮ ನಾಲ್ಕು ಗುಂಟೆ ನೆಲ. ಬೆಳೆದ ಹಣ್ಣನ್ನು ಡಬ್ಬಿಗಳಲ್ಲಿ ಕೆಡದಂತೆ ತುಂಬಿ ಮಾರುವುದನ್ನೂ ಕಲಿಸಿದಳು. ನಮ್ಮ ಹೊಲಗಳಲ್ಲಿ ನಾಟಿ, ಕಳೆ, ಬೀಜದ ಜೋಪಾನ ಇವುಗಳಲ್ಲಿ ಹೆಂಗಸರ ಕೈಯೇ ಹೆಚ್ಚು. ಹೀಗಿರಲು ಬೇಸಾಯ ಸಂಘವು ಗಂಡುಮಕ್ಕಳಿಗೆ ಮಾತ್ರವೆಂದು ಹೇಳುವುದು ನ್ಯಾಯವಲ್ಲ, ಜಾಣತನವೂ ಅಲ್ಲ. ತಾಕುಗಳು ಊರಿಗೆ ಹತ್ತಿರವಾಗಿರಲಿ, ಕೆಲಸವು ಹೊತ್ತು ಮುಳುಗುವ ಮೊದಲೇ ಮುಗಿಯಲಿ. ಆಗ ತಾಯ್ತಂದೆಯರ ಸಂಕೋಚವು ಬಹುಮಟ್ಟಿಗೆ ನೀಗುತ್ತದೆ.

ಇನ್ನು, ಜಮೀನಿಲ್ಲದವರ ಮಕ್ಕಳ ವಿಷಯ. ತಂದೆಗೆ ಹೊಲವುಳ್ಳವರೇ ಸದಸ್ಯರಾಗತಕ್ಕದ್ದೆಂದರೆ, ಬೇಸಾಯದ ಕೈಚಳಕವನ್ನು ಹುಟ್ಟಿನಿಂದ ಬಲ್ಲ ಅನೇಕ ಮಕ್ಕಳು ಹೊರಗೇ ನಿಲ್ಲುವರು. ಊರಿನ ದೊಡ್ಡ ಹಿಡುವಳಿದಾರರು ಒಂದು ಫಸಲಿನ ಮಟ್ಟಿಗೆ ಕೆಲವು ಗುಂಟೆಗಳನ್ನು ಇವರಿಗಾಗಿ ಬಿಟ್ಟುಕೊಟ್ಟರೆ ಅವರಿಗೆ ಆಗುವ ನಷ್ಟವು ಲೆಕ್ಕಕ್ಕೆ ಬಾರದು. ನೆಲದ ಒಡೆತನ ಹಿಡುವಳಿದಾರನದು, ಫಸಲು ವಿದ್ಯಾರ್ಥಿಯದು ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಮುಂದೆ ಮಾತು ಬೆಳೆಯುವುದಿಲ್ಲ.

8. ಎಚ್ಚರಿಕೆಗಳು

(1) ವಿಷಯುಕ್ತವಾದ ಔಷಧಗಳನ್ನು ಬೆರಸುವುದು, ಸಿಂಪಡಿಸುವುದು, ಬೀಜಕ್ಕೆ ಲೇಪಿಸುವುದು, ಇವುಗಳನ್ನು ವಿದ್ಯಾರ್ಥಿಗಳಿಂದ ಎಂದಿಗೂ ಮಾಡಿಸಕೂಡದು.

(2) ಸಂಘದ ಹೆಸರಿನಲ್ಲಿ ಮಕ್ಕಳನ್ನು ಇತರರ ಹೊಲದ ಕೆಲಸಕ್ಕೆ ಕಳುಹಿಸಕೂಡದು.

(3) ಹುಡುಗನ ತಾಕಿಗೆ ತಂದೆಯು ರಾತ್ರೋರಾತ್ರಿ ಗೊಬ್ಬರ ಹಾಕಿ ಸಹಾಯ ಮಾಡಕೂಡದು. ಅದರಿಂದ ಪೈರು ಬೆಳೆದರೂ ಲೆಕ್ಕವು ಸುಳ್ಳಾಗುತ್ತದೆ.

(4) ಫಸಲಿನ ಹಣವನ್ನು ಮನೆಯ ಖರ್ಚಿಗೆಂದು ಕಸಿದುಕೊಳ್ಳಕೂಡದು. ಅದನ್ನು ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ವಿದ್ಯಾರ್ಥಿಯ ಹೆಸರಿನಲ್ಲಿಯೇ ಇಡತಕ್ಕದ್ದು. ಸುಗ್ಗಿಯ ದಿನ ಬರಿಗೈಯಲ್ಲಿ ಮನೆಗೆ ಹೋದ ಹುಡುಗನನ್ನು ಮರುವರ್ಷ ಯಾವ ಬಹುಮಾನವೂ ಹೊಲಕ್ಕೆ ತರಲಾರದು.

9. ಗ್ರಾಮದ ಹಿರಿಯರ ಕರ್ತವ್ಯ

ಇದಕ್ಕಾಗಿ ಹೊಸದೊಂದು ಕಚೇರಿಯಾಗಲಿ ದೊಡ್ಡ ಚಂದಾ ಹಣವಾಗಲಿ ಬೇಕಾಗಿಲ್ಲ. ರಾಷ್ಟ್ರೀಯ ಹಸಿರು ಪಡೆಯ ಯೋಜನೆಯು 2001ರಲ್ಲಿ ಆರಂಭವಾದಂದಿನಿಂದ ಅನೇಕ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಏರ್ಪಟ್ಟಿವೆ. ಅಂತಹ ಕ್ಲಬ್ಬಿನ ಒಂದು ಶಾಖೆಯಾಗಿ ಬೇಸಾಯ ಸಂಘವನ್ನು ನಡೆಸಬಹುದು. ಶಾಲೆಯು ತೆರೆದ ಕೂಡಲೇ ಜೂನ್ ತಿಂಗಳಲ್ಲಿ ಪಂಚಾಯಿತಿಯ ಮುಖ್ಯಸ್ಥರು, ಶಾಲಾಭಿವೃದ್ಧಿ ಸಮಿತಿಯವರು, ಮುಖ್ಯೋಪಾಧ್ಯಾಯರು ಮತ್ತು ಇಬ್ಬರು ಅನುಭವಸ್ಥ ರೈತರು ಸೇರಿ ಮೂರು ಕೆಲಸಗಳನ್ನು ಮುಗಿಸತಕ್ಕದ್ದು: ಅರ್ಧ ಎಕರೆ ನೆಲವನ್ನು ಗೊತ್ತುಮಾಡುವುದು, ಅದನ್ನು ಗುಂಟೆಗಳಾಗಿ ಅಳೆದು ಗೂಟ ಹೊಡೆಸುವುದು, ಸದಸ್ಯರ ಹೆಸರನ್ನು ಬರೆದುಕೊಳ್ಳುವುದು. ಬೀಜ ಮತ್ತು ಸಲಹೆಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಬಹುದು.

ಕಣವು ಮುಗಿದ ಮೇಲೆ ಒಂದು ಸಂಜೆ ಶಾಲೆಯ ಮುಂದೆ ಊರಿನವರೆಲ್ಲರೂ ಸೇರಿ, ಮಕ್ಕಳು ತಮ್ಮ ಲೆಕ್ಕಗಳನ್ನು ತಾವೇ ಓದುವುದನ್ನು ಕೇಳಬೇಕು. ಭಾಷಣಗಳು ಕಡಮೆಯಾಗಿದ್ದಷ್ಟೂ ಒಳ್ಳೆಯದು. ನಷ್ಟವಾದವನ ಲೆಕ್ಕವನ್ನೂ ಲಾಭ ಪಡೆದವನ ಲೆಕ್ಕದಷ್ಟೇ ಗಮನವಿಟ್ಟು ಕೇಳತಕ್ಕದ್ದು. ಮಳೆ ತಡವಾಯಿತೋ, ಬೀಜ ಮೊಳೆಯಲಿಲ್ಲವೋ, ಕಳೆ ತೆಗೆಯುವುದು ತಪ್ಪಿತೋ, ಅವನ ಪುಸ್ತಕವು ಕಾರಣವನ್ನು ಹೇಳುತ್ತದೆ.

ಈ ಮಕ್ಕಳೆಲ್ಲರೂ ಮುಂದೆ ಬೇಸಾಯದಲ್ಲಿಯೇ ನಿಲ್ಲುವರೆಂದು ಹೇಳುವಂತಿಲ್ಲ, ನಿಲ್ಲಬೇಕೆಂಬ ನಿರ್ಬಂಧವೂ ಸಲ್ಲದು. ಕೆಲವರು ಉದ್ಯೋಗಕ್ಕೆ ಹೋಗುವರು, ಕೆಲವರು ಹೆಚ್ಚಿನ ಓದಿಗೆ ಹೋಗುವರು. ಆದರೆ ನಿಲ್ಲುವವನು ಬೇರೆ ದಾರಿಯಿಲ್ಲದೆ ನಿಲ್ಲದೆ, ಲೆಕ್ಕವನ್ನು ನೋಡಿ ನಿಲ್ಲಲಿ. ಹೋಗುವವನು ಹೊಲವನ್ನು ಹೀನಾಯವಾಗಿ ಕಾಣದೆ, ಅದರ ಬೆಲೆಯನ್ನು ತಿಳಿದು ಹೋಗಲಿ. ಅರ್ಧ ಎಕರೆ ನೆಲದಿಂದ ಊರಿಗೆ ಇಷ್ಟು ದೊರೆಯುವುದಾದರೆ, ಬರುವ ಮುಂಗಾರಿನಲ್ಲಿಯೇ ಅದನ್ನು ಅಳೆದುಕೊಡುವುದು ಹಿಡುವಳಿದಾರರಿಗೂ ಮುಖ್ಯಸ್ಥರಿಗೂ ಉಚಿತವಾಗಿರುತ್ತದೆ.