ಹಿತ್ತಲ ಗಿಡವೂ ಮದ್ದು

ಬೋಗಾದಿ ಮೈಸೂರಿನ ಪಶ್ಚಿಮ ದಿಕ್ಕಿಗಿದೆ. ಮೊದಲು ಅದು ಒಂದು ಹಳ್ಳಿ. ಸುತ್ತ ಹೊಲಗಳಿದ್ದವು. ಈಗ ಹೊಲಗಳ ಜಾಗದಲ್ಲಿ ಬಡಾವಣೆಗಳು ಬಂದಿವೆ. ಆದರೂ ಮನೆ ಹಿಂದೆ ನಾಲ್ಕು ಅಡಿ ಜಾಗ ಸಿಕ್ಕರೆ ಸಾಕು. ಅಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡ ನೆಡಬಹುದು. ಬೇಲಿಗೆ ಅವರೆ ಬಳ್ಳಿ ಹಬ್ಬಿಸಬಹುದು.

ಗಿಡ ಇದ್ದ ಕಡೆ ಹುಳ ಇದ್ದೇ ಇರುತ್ತದೆ. ಹುಳ ಬಂದರೆ ಏನು ಮಾಡಬೇಕು? ಈ ಅತ್ತೆ ಸೊಸೆಯ ಮಾತು ಕೇಳಿ.

ಸೊಸೆ: ಅತ್ತೆ, ಬದನೆ ಎಲೆಯೆಲ್ಲಾ ತೂತು ಬಿದ್ದಿದೆ. ಅವರೆ ಕುಡಿಗೆ ಹೇನು ಮುತ್ತಿದೆ. ಅಂಗಡಿಯಿಂದ ಔಷಧಿ ತರಿಸ್ಲಾ?

ಅತ್ತೆ: ಅದು ಔಷಧಿ ಅಲ್ಲ ಕಣವ್ವ, ವಿಷ. ಇವತ್ತು ಹೊಡೆದು, ನಾಳೆ ಅದೇ ಕಾಯಿ ಕುಯ್ದು ಹುಳಿ ಮಾಡ್ತೀಯಾ?

ಸೊಸೆ: ಮತ್ತೆ ಹುಳ ತಿನ್ಕೊಂಡು ಹೋಗ್ಲಿ ಅಂತ ಬಿಡೋದಾ?

ಅತ್ತೆ: ಯಾಕೆ ಬಿಡ್ಬೇಕು? ಬೇವಿನ ಮರ ಇಲ್ವಾ?

ಅತ್ತೆ ಹೇಳಿದ್ದು ಸರಿ. ಅಂಗಡಿಯ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಎಚ್ಚರ ಬೇಕು. ಈಗ ನಿಮಗೆ ಓದಲು ಬರುತ್ತದೆ. ಡಬ್ಬಿಯ ಮೇಲಿನದನ್ನು ಓದಿ. ಓದದೆ ಯಾವುದನ್ನೂ ಮನೆಗೆ ತರಬೇಡಿ.

ಬೇವಿನ ಬೀಜದ ಕಷಾಯ

ಯುಗಾದಿಗೆ ನಾವು ಬೇವು ಬೆಲ್ಲ ತಿನ್ನುತ್ತೇವೆ. ಆಗ ಬೇವು ಹೂ ಬಿಟ್ಟಿರುತ್ತದೆ. ಮಳೆಗಾಲದ ಮೊದಲಲ್ಲಿ ಹಣ್ಣು ಉದುರುತ್ತದೆ. ಆ ಹಣ್ಣನ್ನು ಆರಿಸಿ ತನ್ನಿ. ಸಿಪ್ಪೆ ತೆಗೆದು, ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಗಾಳಿ ಆಡುವ ಬಟ್ಟೆ ಚೀಲದಲ್ಲಿ ಇಡಿ. ಬೂಷ್ಟು ಹಿಡಿದ ಬೀಜ ಬೇಡ.

ಮಾಡುವ ರೀತಿ:

1. ಬೀಜ ಒಡೆದು ತಿರುಳು ತೆಗೆಯಿರಿ. 1 ಲೀಟರ್ ನೀರಿಗೆ 50 ಗ್ರಾಂ ತಿರುಳು ಬೇಕು.
2. ತಿರುಳನ್ನು ಕುಟ್ಟಿ ಪುಡಿ ಮಾಡಿ. ಬಟ್ಟೆಯಲ್ಲಿ ಗಂಟು ಕಟ್ಟಿ. ರಾತ್ರಿಯೆಲ್ಲಾ ನೀರಲ್ಲಿ ನೆನೆಹಾಕಿ.
3. ಮಾರನೆ ದಿನ ಗಂಟನ್ನು ಚೆನ್ನಾಗಿ ಹಿಂಡಿ. ನೀರು ಹಾಲಿನಂತೆ ಆಗುತ್ತದೆ. ಅದನ್ನು ಸೋಸಿ.
4. ಸ್ವಲ್ಪ ಸೋಪಿನ ನೀರು ಬೆರೆಸಿ. ಆಗ ಕಷಾಯ ಎಲೆಗೆ ಅಂಟುತ್ತದೆ.
5. ಸಂಜೆ ಹೊತ್ತು ಸಿಂಪಡಿಸಿ. ಎಲೆಯ ಹಿಂಭಾಗಕ್ಕೂ ಬೀಳಬೇಕು. ಹೇನು ಕೂರುವುದು ಅಲ್ಲೇ.

ಸಂಜೆಯೇ ಯಾಕೆ? ಬಿಸಿಲಿಗೆ ಬೇವಿನ ಸತ್ವ ಕೆಡುತ್ತದೆ. ಅಲ್ಲದೆ ಬೆಳಗ್ಗೆ ಹೂವಿಗೆ ಜೇನು ಬರುತ್ತದೆ. ಜೇನು ಬಂದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಮಾಡಿದ ಕಷಾಯವನ್ನು ಅದೇ ದಿನ ಮುಗಿಸಿ. ವಾರ, ಹತ್ತು ದಿನಕ್ಕೆ ಮತ್ತೆ ಹೊಸದಾಗಿ ಮಾಡಿ ಹೊಡೆಯಿರಿ.

ಹುಳ ಕೂಡಲೇ ಸಾಯುವುದಿಲ್ಲ. ಕೆಲಸ ಆಗಲಿಲ್ಲ ಅಂತ ಬಿಡಬೇಡಿ. ಕಹಿ ಎಲೆ ತಿನ್ನಲು ಹುಳ ಹಿಂಜರಿಯುತ್ತದೆ. ತಿಂದರೂ ಅದು ಪೊರೆ ಕಳಚಿ ಬೆಳೆಯಲಾರದು. ಹೀಗೆ ಹುಳ ಕಡಿಮೆ ಆಗುತ್ತಾ ಬರುತ್ತದೆ.

ಬದನೆಕಾಯಿಯ ಒಳಗೆ ಹೊಕ್ಕ ಹುಳಕ್ಕೆ ಮಾತ್ರ ಯಾವ ಕಷಾಯವೂ ತಾಗದು. ಬಾಡಿದ ಕುಡಿಯನ್ನು, ತೂತು ಬಿದ್ದ ಕಾಯಿಯನ್ನು ಕಿತ್ತು ಸುಟ್ಟುಬಿಡಿ. ಗಿಡದ ಬುಡದಲ್ಲಿ ಬಿಸಾಡಬೇಡಿ.

ಕಾವಲಿಗೆ ಚೆಂಡುಹೂ

ದಸರಾ, ದೀಪಾವಳಿಗೆ ಚೆಂಡುಹೂ ಬೇಕೇ ಬೇಕು. ಅದು ಟೊಮೆಟೊ ಗಿಡಕ್ಕೂ ಕಾವಲು. ಕಾಯಿ ಕೊರೆಯುವ ಹುಳದ ಪತಂಗಕ್ಕೆ ಚೆಂಡುಹೂ ಇಷ್ಟ. ಅದು ಟೊಮೆಟೊ ಬಿಟ್ಟು ಹೂವಿನಲ್ಲಿ ಮೊಟ್ಟೆ ಇಡುತ್ತದೆ. ಹುಳ ಕಂಡ ಮೊಗ್ಗು, ಹೂವನ್ನು ನಾವು ಕಿತ್ತು ಹಾಕಬೇಕು. ಕೀಳದಿದ್ದರೆ ಉಪಯೋಗವಿಲ್ಲ.

ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ ನೆಡಿ ಎಂದು ಅಲ್ಲಿನ ವಿಜ್ಞಾನಿಗಳು ಹೇಳುತ್ತಾರೆ. ಚೆಂಡುಹೂವಿನ ಸಸಿ ಟೊಮೆಟೊ ಸಸಿಗಿಂತ 15-20 ದಿನ ದೊಡ್ಡದಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಹಿತ್ತಲಿನಲ್ಲಿ ಒಂದೆರಡು ಗಿಡ ಇದ್ದರೆ ಸಾಕು.

ಎಚ್ಚರ!

ಗಿಡದಿಂದ ಬಂದದ್ದೆಲ್ಲಾ ಒಳ್ಳೆಯದಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹೊಗೆಸೊಪ್ಪಿನ ನೀರಿಗೂ ಹುಳ ಸಾಯುತ್ತದೆ. ಆದರೆ ಅದು ನಮಗೂ ವಿಷ. ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಅದು ಬೇಡವೇ ಬೇಡ.

ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸಬೇಡಿ. ಕಷಾಯವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಕಾಯಿಯನ್ನು ತೊಳೆದೇ ಅಡಿಗೆ ಮಾಡಿ.

ನಮ್ಮ ತಿಳಿವಳಿಕೆ ನಮ್ಮದೇ

"ಹಿತ್ತಲ ಗಿಡ ಮದ್ದಲ್ಲ" ಅಂತ ಗಾದೆ ಇದೆ. ಹತ್ತಿರ ಇರುವುದಕ್ಕೆ ನಾವು ಬೆಲೆ ಕೊಡುವುದಿಲ್ಲ. ಆದರೆ ದೂರದವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಗಿಡಗಳಿಗೆ ಬರುವ ಬೂಷ್ಟು ರೋಗವನ್ನು ಬೇವಿನ ಎಣ್ಣೆಯಿಂದ ತಡೆಯಬಹುದು. 1994ರಲ್ಲಿ ಈ ವಿಧಾನಕ್ಕೆ ಯುರೋಪಿನಲ್ಲಿ ಪೇಟೆಂಟ್ ಸಿಕ್ಕಿತು. ಸಿಕ್ಕಿದ್ದು ಅಮೆರಿಕದ ಒಂದು ಕಂಪನಿಗೆ ಮತ್ತು ಅಲ್ಲಿನ ಕೃಷಿ ಇಲಾಖೆಗೆ. ಪೇಟೆಂಟ್ ಅಂದರೆ ಒಂದು ಹಕ್ಕುಪತ್ರ. "ಇದನ್ನು ಕಂಡುಹಿಡಿದವರು ನಾವು. ನಮ್ಮನ್ನು ಕೇಳದೆ ಬೇರೆ ಯಾರೂ ಮಾಡಬಾರದು" ಅಂತ ಅದರ ಅರ್ಥ.

1995ರಲ್ಲಿ ನಮ್ಮ ದೇಶದ ವಂದನಾ ಶಿವ ಮತ್ತು ಅವರ ಜೊತೆಗಾರರು ಇದಕ್ಕೆ ತಕರಾರು ಹಾಕಿದರು. ಭಾರತದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತು ಎಂದು ಸಾಕ್ಷಿ ಕೊಟ್ಟರು. 2000ದಲ್ಲಿ ಪೇಟೆಂಟ್ ರದ್ದಾಯಿತು. ಕಂಪನಿಯವರು ಮೇಲ್ಮನವಿ ಹಾಕಿದರು. 2005ರಲ್ಲಿ ಅದೂ ಬಿದ್ದುಹೋಯಿತು.

ಸಾಕ್ಷಿ ಇದ್ದದ್ದರಿಂದ ಗೆದ್ದೆವು. ನಿಮ್ಮ ಅತ್ತೆಗೆ, ತಾಯಿಗೆ ಇಂಥ ಎಷ್ಟೋ ವಿಷಯ ಗೊತ್ತಿದೆ. ಅದು ಬಾಯಲ್ಲಿ ಮಾತ್ರ ಇದ್ದರೆ ಅವರ ಜೊತೆಗೇ ಹೋಗುತ್ತದೆ. ನಿಮಗೀಗ ಅಕ್ಷರ ಬಂದಿದೆ. ಕೇಳಿ ತಿಳಿಯಿರಿ. ಬರೆದಿಡಿ.

ಓದಿ, ಉತ್ತರ ಹೇಳಿ

1. 2 ಲೀಟರ್ ನೀರಿಗೆ ಎಷ್ಟು ಗ್ರಾಂ ಬೇವಿನ ತಿರುಳು ಬೇಕು?
2. ಕಷಾಯವನ್ನು ಸಂಜೆ ಹೊತ್ತು ಯಾಕೆ ಸಿಂಪಡಿಸಬೇಕು?
3. ಹೊಗೆಸೊಪ್ಪಿನ ನೀರು ಯಾಕೆ ಬೇಡ?

ಮಾಡಿ ನೋಡಿ

ನಿಮ್ಮ ಮನೆಯ ಹಿರಿಯರು ಹುಳ ಓಡಿಸಲು ಏನು ಮಾಡುತ್ತಿದ್ದರು? ಕೇಳಿ ಐದು ಸಾಲು ಬರೆಯಿರಿ. ನಿಮ್ಮ ಗುಂಪಿನಲ್ಲಿ ಓದಿ ಹೇಳಿ.